‘ರಿ’ ಬಿಟ್ಟ ಸೊಸೆ

ನಮ್ಮ ಅತ್ತೆ ನನ್ನ ಜೊತೆ ಇಪ್ಪತ್ತು ದಿನ ಮಾತು ಬಿಟ್ಟಿದ್ದರು. ಒಂದೇ ಮನೆ, ಒಂದೇ ಒಲೆ, ಇರುವವರು ಇಬ್ಬರೇ ಹೆಂಗಸರು, ಆದರೂ ಮಾತಿಲ್ಲ. ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿ ಎದ್ದು ಹೋಗುವರು. ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಮುಖ ತಿರುಗಿಸುವರು. ಹಾಲು ಹಾಕುವವನ ಜೊತೆ, ಓಣಿಯ ಬೆಕ್ಕಿನ ಜೊತೆ ಮಾತಾಡುತ್ತಿದ್ದರು, ನನ್ನ ಜೊತೆ ಮಾತ್ರ ಇಲ್ಲ. ಕಾರಣ ಇಷ್ಟೇ: ನಾನು ಅವರಿಗೆ ‘ನೀ’ ಅಂದಿದ್ದೆನಂತೆ. ಅಂದದ್ದು ನನಗೆ ನೆನಪೇ ಇರಲಿಲ್ಲ. ನೆನಪಿಲ್ಲದ ತಪ್ಪಿಗೆ ಮಾಫಿ ಕೇಳುವ ಜಾತಿಯವಳಲ್ಲ ನಾನು. ಹಾಗಾಗಿ ನಾನೂ ಮಾತು ಬಿಟ್ಟೆ.

ನಮ್ಮ ಕಡೆಯ ಮಾತು ತಿಳಿಯದವರಿಗೆ ಇದು ಚಿಲ್ಲರೆ ವಿಷಯ ಅನ್ನಿಸಬಹುದು. ನಮ್ಮಲ್ಲಿ ಮಾತಿಗೊಂದು ಬಾಲವಿದೆ. ಬರ್ರಿ, ಕೂಡ್ರಿ, ಹೌದ್ರಿ, ಇಲ್ರಿ. ಆ ‘ರಿ’ ಇದ್ದರೆ ಮನುಷ್ಯ ಏನು ಬೇಕಾದರೂ ಅನ್ನಬಹುದು. ಬಸ್ಸಿನಲ್ಲಿ ಸೀಟಿಗಾಗಿ ಜಗಳ ಬಿದ್ದವರು ‘ನಿಮಗ ಜರಾನೂ ಬುದ್ಧಿ ಇಲ್ಲೇನ್ರಿ’ ಅಂತಲೇ ಕೂಗಾಡುತ್ತಾರೆ. ‘ರಿ’ ಹಚ್ಚಿ ಬೈದರೆ ಅದು ಜಗಳ, ಊರು ಬರುವಷ್ಟರಲ್ಲಿ ಮುಗಿಯುತ್ತದೆ. ‘ರಿ’ ಬಿಟ್ಟು ಬೈದರೆ ಅದು ಹಗೆ. ದೊಡ್ಡವರಲ್ಲಿ ‘ರಿ’ ಇಲ್ಲದೆ ನಾವು ಮಾತಾಡಿಸುವುದು ಹೆತ್ತ ತಾಯಿಯನ್ನು ಮತ್ತು ದೇವರನ್ನು ಮಾತ್ರ. ತಾಯಿಗೆ ‘ನೀ’ ಅನ್ನುತ್ತೇವೆ, ‘ಬೇ’ ಅನ್ನುತ್ತೇವೆ. ಅತ್ತೆ ಈ ಎರಡೂ ಅಲ್ಲ. ಅದರಲ್ಲೂ ನಮ್ಮತ್ತೆ ಶರಣರ ಮನೆತನದವರು, ಮುಂಜಾನೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು, ತಮಗಿಂತ ಮೂವತ್ತು ವರ್ಷ ಚಿಕ್ಕವನಾದ ಬಳೆಗಾರನಿಗೂ ‘ಬರ್ರಿ’ ಅನ್ನುವವರು. ಅಂಥವರಿಗೆ ನಾನು ‘ನೀ’ ಅಂದಿದ್ದೆ.

ನಾನು ಅಫಜಲಪುರದಲ್ಲಿ ಜಂಪರ್, ಅಂದರೆ ಸೀರೆಯ ಕುಪ್ಪಸ, ಹೊಲಿಯುವವಳು. ಬಜಾರಿನ ಒಂದು ಓಣಿಯಲ್ಲಿ ಪುಟ್ಟ ಅಂಗಡಿ, ಎರಡು ಮಷಿನ್ನು, ಒಂದು ಕತ್ತರಿಸುವ ಮೇಜು. ತವರು ಆಳಂದ ತಾಲೂಕಿನ ಸರಸಂಬಾ. ನಮ್ಮ ಮನೆಯವರು ಜೇವರ್ಗಿಯ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಮಾಸ್ತರು. ಸೋಮವಾರ ಮೊದಲ ಬಸ್ಸಿಗೆ ಹೋದರೆ ಶನಿವಾರ ಮಧ್ಯಾಹ್ನ ಬರುತ್ತಾರೆ. ನಡುವಿನ ದಿನಗಳಲ್ಲಿ ಮನೆಯಲ್ಲಿ ನಾನು, ಅತ್ತೆ, ಮತ್ತು ನನ್ನ ಕಾಯಿಲೆ.

ಕಾಯಿಲೆ ಬಂದದ್ದು ಹನ್ನೆರಡನೆಯ ವರ್ಷಕ್ಕೆ. ಟೈಪ್ ಒನ್ ಅನ್ನುತ್ತಾರೆ. ವಯಸ್ಸಾದವರಿಗೆ ಬರುವ ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರಷ್ಟೇ ಒಂದು. ಇದರಲ್ಲಿ ಮೈ ಇನ್ಸುಲಿನ್ ತಯಾರಿಸುವುದನ್ನೇ ಬಿಟ್ಟುಬಿಡುತ್ತದೆ, ದಿನಾ ಸೂಜಿಯಲ್ಲಿ ಹಾಕಿಕೊಂಡೇ ಬದುಕಬೇಕು. ಹಾಕಿಕೊಂಡದ್ದು ತುಸು ಹೆಚ್ಚಾದರೆ, ಅಥವಾ ಊಟ ತುಸು ತಡವಾದರೆ, ರಕ್ತದ ಸಕ್ಕರೆ ಕೆಳಗಿಳಿಯುತ್ತದೆ. ಇಳಿದದ್ದು ಗೊತ್ತಾಗದಿದ್ದರೆ ಮನುಷ್ಯ ಬೀಳುತ್ತಾನೆ. ಯಾರೂ ನೋಡದಿದ್ದರೆ ಬಿದ್ದವನು ಏಳದೆಯೂ ಇರಬಹುದು.

ಆದರೆ ಮೊದಲೆಲ್ಲ ಅದು ಹೇಳಿಯೇ ಇಳಿಯುತ್ತಿತ್ತು. ಮೇಲ್ದುಟಿಯ ಮೇಲೆ ಬೆವರು, ಎದೆಯಲ್ಲಿ ಢವಢವ, ಗೋಡೆಯನ್ನೇ ಮುರಿದು ತಿಂದುಬಿಡಬೇಕು ಅನ್ನುವಂಥ ಹಸಿವು, ಎಲ್ಲಕ್ಕಿಂತ ಮೊದಲು ಕೈ ನಡುಕ. ಸರಸಂಬಾದ ಮನೆಯಲ್ಲಿ ನಾನು ‘ಯವ್ವಾ, ಕೈ ನಡಗಾಕತ್ತಾವ ಬೇ’ ಅಂದರೆ ಸಾಕು, ಅವ್ವ ಸೆರಗಿನ ಗಂಟು ಬಿಚ್ಚಿ ಸಕ್ಕರೆ ನನ್ನ ಬಾಯಿಗೆ ಸುರಿಯುತ್ತಿದ್ದಳು. ಆ ನಡುಕ ಕಂಡರೆ ನನಗೆ ಆಗುತ್ತಿರಲಿಲ್ಲ. ಶಾಲೆಯಲ್ಲಿ ನಕ್ಷೆ ಬರೆಯುವಾಗ ಬಂದು ಇಡೀ ಕರ್ನಾಟಕವನ್ನೇ ಸೊಟ್ಟಗೆ ಮಾಡಿಬಿಡುತ್ತಿತ್ತು. ಹೊಲಿಗೆ ಕಲಿಯುವಾಗ ಸೂಜಿಗೆ ದಾರ ಪೋಣಿಸಲು ಬಿಡುತ್ತಿರಲಿಲ್ಲ. ಹಾಳಾಗಿ ಹೋಗಲಿ ಇದು ಅಂತ ಎಷ್ಟು ಸಲ ಬೈದಿದ್ದೇನೋ.

ನನ್ನನ್ನು ನೋಡಲು ಬಂದಾಗ ಅಪ್ಪ ಏನನ್ನೂ ಮುಚ್ಚಿಡಲಿಲ್ಲ. ಹುಡುಗಿಗೆ ದಿನಾ ಸೂಜಿ ಬೇಕು, ಸಾಯೋತನಕ ಬೇಕು, ಅಂತ ಹೇಳಿದರು. ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ಅತ್ತೆ ಮಾತ್ರ ನಾನು ಹೊಲಿದ ಕುಪ್ಪಸವನ್ನು ತಿರುಗಿಸಿ ತಿರುಗಿಸಿ ನೋಡುತ್ತ, “ಹೊಲಿಯೂ ಸೂಜಿನೂ ಹಿಡೀತಾಳ, ಹಾಕ್ಕೊಳ್ಳೂ ಸೂಜಿನೂ ಹಿಡೀತಾಳ. ಕೈ ಗಟ್ಟಿ ಅದ, ಆಗ್ಲಿ” ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಮಾರುಹೋಗಿದ್ದೆ. ಗಂಡನ ಮುಖ ಸರಿಯಾಗಿ ನೋಡಿದ್ದು ಆಮೇಲೆ.

ಅತ್ತೆಯ ಎದುರು ಕೈ ಗಟ್ಟಿಯಾಗಿಯೇ ಇರಬೇಕೆಂಬ ಹಟ ಅಲ್ಲಿಂದ ಶುರುವಾಯಿತು. ನಡುಕ ಬಂದರೆ ಅವರಿಗೆ ಕಾಣದಂತೆ ಒಳಗೆ ಹೋಗಿ ಸಕ್ಕರೆ ಮುಕ್ಕಿ ಬರುತ್ತಿದ್ದೆ. ಮೂರು ತಿಂಗಳಿಗೊಮ್ಮೆ ಕಲಬುರಗಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಕಾಯಿಲೆಯೇ ಇಲ್ಲದವರ ಹಾಗೆ ರಿಪೋರ್ಟ್ ಬರಬೇಕು ಅನ್ನುವ ಹುಚ್ಚು ಬೇರೆ. ಬರುತ್ತಿತ್ತು ಕೂಡ. ಆ ಕಾಗದವನ್ನು ನಾನು ಹತ್ತನೆಯ ತರಗತಿಯ ಅಂಕಪಟ್ಟಿಯ ಹಾಗೆ ಜೋಪಾನ ಮಾಡುತ್ತಿದ್ದೆ. ಹಾಗೆ ಬರಲಿ ಅಂತ ನಾನು ದಿನವೂ ಇನ್ಸುಲಿನ್ ತುಸು ಹೆಚ್ಚೇ ಹಾಕಿಕೊಂಡು ಸಕ್ಕರೆಯನ್ನು ಕೆಳಗಿನ ಅಂಚಿಗೆ ತಂದು ನಿಲ್ಲಿಸುತ್ತಿದ್ದೆ, ದಿನ ಬಿಟ್ಟು ದಿನ ಅದು ಅಂಚು ದಾಟುತ್ತಿತ್ತು.

ನಡುಕ ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ಮದುವೆಯಾಗಿ ಆರೇಳು ವರ್ಷ ಆಗಿರಬೇಕು. ಬಂದದ್ದು ಗೊತ್ತಾಗುತ್ತದೆ, ಬರದೇ ಇದ್ದದ್ದು ಹೇಗೆ ಗೊತ್ತಾಗಬೇಕು. ನಾನಂತೂ ಒಳ್ಳೆಯದೇ ಆಯಿತು, ಮೈ ಹದಕ್ಕೆ ಬಂದಿದೆ ಅಂದುಕೊಂಡೆ. ಒಂದು ದಿನ ಗಿರಾಕಿಯೊಬ್ಬಳು ಜಂಪರ್ ತಂದು ಮೇಜಿನ ಮೇಲೆ ಹರಡಿದಳು. “ನನಗ ಎರಡೂ ಎಡಗೈ ಅದಾವಂತ ತಿಳದೀರೇನ್ರಿ” ಅಂದಳು. ನೋಡಿದರೆ ಎರಡೂ ಎಡಗೈ ತೋಳು. ಹನ್ನೊಂದು ವರ್ಷ ಹೊಲಿದಿದ್ದೇನೆ, ಒಮ್ಮೆಯೂ ಹೀಗಾಗಿರಲಿಲ್ಲ. ಲಕ್ಷ್ಯ ಕಡಿಮೆಯಾಯಿತು ಅಂದುಕೊಂಡು ತೋಳು ಬಿಚ್ಚಿ ಹೊಸದು ಹಚ್ಚಿಕೊಟ್ಟೆ.

ಮತ್ತೊಂದು ಮಧ್ಯಾಹ್ನ ಸುಮ್ಮನೆ ಬೆರಳು ಚುಚ್ಚಿ ಸಕ್ಕರೆ ನೋಡುವ ಮಷಿನ್ನಿನಲ್ಲಿ ಹಾಕಿದರೆ ನಲವತ್ತೆಂಟು ತೋರಿಸಿತು, ಎಪ್ಪತ್ತರ ಕೆಳಗೆ ಇಳಿಯಬಾರದು. ನಲವತ್ತೆಂಟಕ್ಕೆ ಹಿಂದೆ ನಾನು ನಿಲ್ಲಲೂ ಆಗದೆ ಗೋಡೆ ಹಿಡಿಯುತ್ತಿದ್ದೆ. ಈಗ ಆರಾಮಾಗಿ ಕಾಲ ಮೇಲೆ ಕಾಲು ಹಾಕಿ ಹುಕ್ ಹಚ್ಚುತ್ತಿದ್ದೇನೆ. ಮಷಿನ್ನು ಕೆಟ್ಟಿದೆ ಅಂತ ಅದಕ್ಕೇ ಬೈದೆ. ಕೆಟ್ಟದ್ದು ಮಷಿನ್ನಲ್ಲ ಅನ್ನುವ ಯೋಚನೆ ಬಂತು, ಬಂದದ್ದನ್ನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗಲೇ ಅತ್ತೆ ಮಾತು ಬಿಟ್ಟದ್ದು. ಶನಿವಾರ ಬಂದ ನಮ್ಮ ಮನೆಯವರು ತಾಯಿಯ ಬಳಿ ವಿಷಯ ತಿಳಿದುಕೊಂಡು ನನ್ನ ಬಳಿ ಬಂದರು. ಅವರು ಮೆತ್ತಗಿನ ಮನುಷ್ಯ, ಮಕ್ಕಳಿಗೂ ಗದರದ ಮಾಸ್ತರು.

“ಅವ್ವ ಚಾ ತಂದು ಕೊಟ್ರ, ‘ಏನ್ ನಿಂತು ನೋಡ್ತಿ ಬೇ, ನೀ ಒಳಗ ನಡಿ’ ಅಂದಿಯಂತಲ್ಲ.”

“ನಾ ಅಂದಿಲ್ರಿ.”

“ಅವ್ವ ಸುಳ್ಳ ಹೇಳಂಗಿಲ್ಲ.”

“ನಾನೂ ಹೇಳಂಗಿಲ್ರಿ.”

ಸುಳ್ಳು ಹೇಳದ ಇಬ್ಬರು ಹೆಂಗಸರ ನಡುವೆ ತುಸು ಹೊತ್ತು ನಿಂತು, ಅವರು ಚೀಲ ಹಿಡಿದು ಕಾಯಿಪಲ್ಯ ತರಲು ಹೋದರು. ಅತ್ತೆಯ ಲೆಕ್ಕದಲ್ಲಿ ನನ್ನ ತಪ್ಪು ಈಗ ಎರಡಾಯಿತು. ಅಂದದ್ದು ಒಂದು, ಅಂದಿಲ್ಲ ಅಂದದ್ದು ಇನ್ನೊಂದು. ಮುಂದಿನ ವಾರ ಮತ್ತೆರಡು ಸಲ ಹೀಗೆಯೇ ಆಯಿತಂತೆ. ಅವರು ಸೊಸೆಗೆ ಸೊಕ್ಕು ಬಂದಿದೆ ಅಂದುಕೊಂಡು ಬಾಯಿ ಮುಚ್ಚಿಕೊಂಡು ನಡೆದುಬಿಟ್ಟರು. ಆ ಹೊತ್ತಿನಲ್ಲಿ ನನ್ನ ಸಕ್ಕರೆ ಎಷ್ಟಿತ್ತೋ ದೇವರೇ ಬಲ್ಲ. ರೊಟ್ಟಿ ತಿಂದು ಹೇಗೋ ಮೇಲೆ ಬಂದಿರಬೇಕು.

ಗಂಟು ಬಿಚ್ಚಿದ್ದು ಖಾಲಾ, ಉರ್ದುವಿನಲ್ಲಿ ಚಿಕ್ಕಮ್ಮ ಅಂತ. ಅಂಗಡಿಯ ಪಕ್ಕದ ಮನೆಯವರು, ನನ್ನ ಬಳಿ ಗುಂಡಿಯ ಕಾಜಾ ಹಾಕಲು, ಹೆಮ್ಮಿಂಗ್ ಮಾಡಲು ಬರುವವರು. ಅರವತ್ತು ದಾಟಿದೆ, ಕಣ್ಣು ಮಾತ್ರ ಇನ್ನೂ ಸೂಜಿಯ ಮೊನೆ. ಆ ದಿನ ದೊಡ್ಡ ಮನೆತನದ ಹಿರಿಯ ಹೆಣ್ಣುಮಗಳೊಬ್ಬರು ಅಳತೆ ಕೊಡಲು ಬಂದಿದ್ದರು. ಟೇಪು ಹಿಡಿದ ನಾನು ಅವರಿಗೆ, “ನೆಟ್ಟಗ ನಿಲ್ಲು. ಕೈ ಎತ್ತು ಬೇ” ಅಂದೆನಂತೆ. ಆ ಹಿರಿಯರ ಮುಖ ಗಡಿಗೆಯಷ್ಟಾಯಿತಂತೆ. ಖಾಲಾ ಮೊದಲು, “ಇಕಿಗೆ ತಲಿನೋವ್ ಅದರಿ, ಮನಸಿಗೆ ಹಚ್ಕೋಬ್ಯಾಡ್ರಿ” ಅಂತ ಸಂಭಾಳಿಸಲು ನೋಡಿದರಂತೆ. ಆಮೇಲೆ ಕಂಡರಂತೆ, ನಾನು ಒಂದೇ ತೋಳನ್ನು ನಾಲ್ಕನೆಯ ಸಲ ಅಳೆಯುತ್ತಿದ್ದೆ.

ನನಗೆ ನೆನಪಿರುವುದು ಹಲ್ಲಿಗೆ ತಾಗಿದ ಸ್ಟೀಲ್ ಲೋಟ ಮತ್ತು ಖಾಲಾನ ಧ್ವನಿ. “ಪೀ ಮಾ, ಪೀ. ಪೂರಾ ಪೀ.” ಸಕ್ಕರೆ ನೀರು ಪೂರ್ತಿ ಕುಡಿಸಿಯೇ ಬಿಟ್ಟರು. ಕಾಲು ತಾಸಿನ ಮೇಲೆ ಲೋಕ ಮತ್ತೆ ತನ್ನ ಜಾಗಕ್ಕೆ ಬಂತು. ಬಂದ ಕೂಡಲೇ ನಾನು ಕೇಳಿದ್ದು, ಗಿರಾಕಿ ಎಲ್ಲಿ ಅಂತ. ಹೋಗಿದ್ದರು. ಇವತ್ತಿಗೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಖಾಲಾ ನನ್ನ ಕೈ ಹಿಡಿದುಕೊಂಡೇ ಮನೆಗೆ ಕರೆತಂದರು. ಹೊಸ್ತಿಲಲ್ಲಿ ನಿಂತು ಅತ್ತೆಗೆ, “ಅಕ್ಕಾ, ನಿಮ್ಮ ಸೊಸಿ ಸೊಕ್ಕಿನಾಕಿ ಅಲ್ರಿ. ಇವತ್ತಿಂದು ಸೇರಿ ಮೂರು ಸಲ ನಾ ಕಣ್ಣಾರೆ ನೋಡೇನಿ, ತಿಳದದ್ದು ಇವತ್ತ. ಇಕಿ ಶುಗರ್ ಇಳದ್ರ ಮೊದ್ಲ ಬಾಯಾಗಿನ ‘ರಿ’ ಬೀಳ್ತದ. ಆಮ್ಯಾಲ ಇಕಿ ಬೀಳ್ತಾಳ” ಅಂದರು.

ಅತ್ತೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿದರು. ಆಮೇಲೆ ಇಪ್ಪತ್ತು ದಿನಗಳ ಮೇಲೆ ಮೊದಲ ಮಾತು ಕೇಳಿದರು. “ಅವತ್ತ ಚಾ ಕೊಟ್ಟಾಗನೂ ಹಿಂಗ ಆಗಿತ್ತೇನು?”

“ನನಗ ನೆನಪಿಲ್ರಿ.”

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡೆ. ನೋಡಿದರೆ ಅಳುತ್ತಿದ್ದರು. “ಎಚ್ಚರಿಲ್ದ ನೀ ‘ಬೇ’ ಅಂದಿದ್ದು ನಿಮ್ಮವ್ವಗ. ನನಗ ಅಂದ್ಕೊಂಡು ನಾ ಇಪ್ಪತ್ತ ದಿನ ಮಾರಿ ತಿರುವಿ ಕುಂತೆ. ಅಷ್ಟರಾಗ ನೀ ಬಿದ್ದು ಹೋಗಿದ್ರ ನಾ ಯಾರಿಗ ಏನ್ ಹೇಳ್ಬೇಕಿತ್ತು” ಅಂದರು. ನನಗೂ ಅಳು ಬಂತು. ನಾನು ಸಾಯಬಹುದಿತ್ತು ಅನ್ನುವುದಕ್ಕಲ್ಲ. ಅತ್ತೆಯ ಮಾತಿಲ್ಲದ ಆ ಇಪ್ಪತ್ತು ದಿನ ನನಗೆ ಎಷ್ಟು ಕಷ್ಟವಾಗಿತ್ತು ಅನ್ನುವುದು ಅವರು ಮಾತಾಡಿದ ಮೇಲೆ ತಿಳಿಯಿತು, ಅದಕ್ಕೆ.

ಮುಂದಿನ ವಾರ ನಮ್ಮ ಮನೆಯವರು, ಅತ್ತೆ, ನಾನು ಮೂವರೂ ಕಲಬುರಗಿಗೆ ಹೋದೆವು. ಡಾಕ್ಟರು ನಾನು ಹೆಮ್ಮೆಯಿಂದ ಇಟ್ಟುಕೊಂಡಿದ್ದ ರಿಪೋರ್ಟುಗಳನ್ನು ನೋಡಿ ಹೊಗಳಲಿಲ್ಲ. “ಸಕ್ಕರೆ ಮೇಲಿಂದ ಮೇಲೆ ಇಳಿದರೆ ಮೈಗೆ ಅದೇ ರೂಢಿಯಾಗುತ್ತದೆ ತಾಯಿ. ಆಗ ಅದು ನಿಮ್ಮನ್ನು ಎಚ್ಚರಿಸುವುದನ್ನೇ ಬಿಡುತ್ತದೆ” ಅಂದರು. ದಾರಿ ಒಂದೇ ಇತ್ತು. ಇನ್ಸುಲಿನ್ ಕಡಿಮೆ ಮಾಡಿ, ಸಕ್ಕರೆಯನ್ನು ಕೆಲವು ವಾರ ತುಸು ಮೇಲೆಯೇ ಇಟ್ಟುಕೊಳ್ಳಬೇಕು, ಒಂದು ಸಲವೂ ಇಳಿಯಗೊಡಬಾರದು. ಹಾಗೆ ಮಾಡಿದರೆ ಹೋದ ನಡುಕ ಮತ್ತೆ ಬರಬಹುದು. ಬರದೆಯೂ ಇರಬಹುದು. ಅಲ್ಲಿಯವರೆಗೆ ಗಾಡಿ ಓಡಿಸುವುದು ಬೇಡ, ಒಬ್ಬಳೇ ಇರುವುದು ಬೇಡ.

ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಅಂಗಡಿ ಮುಚ್ಚುವ ಮಾತು ತೆಗೆದರು. ಮನೆಯಲ್ಲೇ ಒಂದು ಮಷಿನ್ನು ಹಾಕಿಕೊಂಡರಾಯಿತು, ಯಾಕೆ ತ್ರಾಸು, ಅಂತ. ಅವರು ಪ್ರೀತಿಯಿಂದಲೇ ಹೇಳಿದ್ದು, ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅಂಗಡಿಯ ಕೀಲಿ ನಾನೇ ತೆಗೆಯಬೇಕು, ನಾನೇ ಹಾಕಬೇಕು. ಬೆಳಿಗ್ಗೆ ಆ ಹತ್ತು ನಿಮಿಷದ ದಾರಿಯನ್ನು ನಾನೊಬ್ಬಳೇ ನಡೆಯಬೇಕು. ಹನ್ನೆರಡನೆಯ ವರ್ಷದಿಂದ ಯಾರೋ ಒಬ್ಬರು ಸದಾ ನನ್ನ ಮುಖ ನೋಡುತ್ತ ಬಂದಿದ್ದಾರೆ. ನನ್ನದೇ ಅಂತ ಇದ್ದದ್ದು ಆ ಅಂಗಡಿ ಮತ್ತು ಆ ದಾರಿ ಮಾತ್ರ. ನಡುಕ ತಿರುಗಿ ಬರದಿದ್ದರೆ ಎರಡೂ ಹೋದವು ಅಂತಲೇ ಅರ್ಥ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ, ತೊಗರಿ ಹೊಲ ಬಿಟ್ಟು ಏನೂ ಕಾಣಲಿಲ್ಲ.

ಹಿಂದಿನ ಸೀಟಿನಿಂದ ಅತ್ತೆ ಬಾಗಿ ಮಗನಿಗೆ, “ಅಂಗಡಿ ಯಾಕ ಮುಚ್ಚಬೇಕು? ನಾ ಹೋಗಿ ಕೂಡ್ತೇನಿ. ನನಗ ಕಿವಿ ಅದಾವ” ಅಂದರು.

ಅತ್ತೆ ನಿಜವಾಗಿಯೂ ಬಂದು ಕೂತರು. ಕತ್ತರಿಸುವ ಮೇಜಿನ ಪಕ್ಕ ಒಂದು ಸ್ಟೂಲು, ಮಡಿಲಲ್ಲಿ ಸಕ್ಕರೆ ಡಬ್ಬಿ. ಬೆರಳು ಚುಚ್ಚುವ ಮಷಿನ್ನನ್ನು ಎರಡೇ ದಿನದಲ್ಲಿ ಕಲಿತರು. ಕಾಲು ತಾಸಿಗೊಮ್ಮೆ ನನ್ನನ್ನು ಮಾತಾಡಿಸುತ್ತಿದ್ದರು. “ಇವತ್ತ ಯಾವ ವಾರ?” “ಬುಧವಾರ್ರಿ.” “ಬ್ಯಾಳಿಗೆ ಉಪ್ಪ ಹಾಕೀಯೇನು?” “ಹಾಕೀನ್ರಿ.” ಉತ್ತರ ಅವರಿಗೆ ಬೇಕಿರಲಿಲ್ಲ, ಕೊನೆಯ ‘ರಿ’ ಬೇಕಿತ್ತು. ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡುತ್ತಾರಲ್ಲ, ಹಾಗೆ ನನ್ನನ್ನು ಬಡಿದು ನೋಡಿ ಸುಮ್ಮನಾಗುತ್ತಿದ್ದರು. ಗಿರಾಕಿಗಳು ಬೇರೆಯೇ ತಿಳಿದುಕೊಂಡರು. ಸೊಸೆಯ ಮೇಲೆ ಅತ್ತೆಯ ಪಹರೆ ನೋಡ್ರಿ, ಅಂತ ಹೊರಗೆ ಹೋಗಿ ಆಡಿಕೊಂಡರು. ಅವರ ಬಾಯಿ ಮುಚ್ಚಿಸಲು ನಾನು ಹೊರಟರೆ ಅತ್ತೆ, “ಅಂದ್ರ ಅನ್ಲಿ ಬಿಡು, ನಮ್ಮ ಜಂಪರ್ ಅಂತೂ ಹಾಕ್ಕೊಂಡಾರಲ್ಲ” ಅನ್ನುತ್ತಿದ್ದರು.

ನಾಲ್ಕನೆಯ ವಾರಕ್ಕೆ ನನ್ನ ತಾಳ್ಮೆ ತಪ್ಪಿತು. ಕುಪ್ಪಸದ ಒಳಬಟ್ಟೆ, ಅಸ್ತರ್, ಕತ್ತರಿಸುವಾಗ ಮೂರನೆಯ ಸಲ ಯಾವ ವಾರ ಅಂತ ಕೇಳಿದರು. “ನೀ ಸುಮ್ನ ಕೂಡ್ತಿಯೇನು ಜರಾ” ಅಂದುಬಿಟ್ಟೆ. ಅತ್ತೆ ಒಂದಿಷ್ಟೂ ನೊಂದುಕೊಳ್ಳಲಿಲ್ಲ. ಕತ್ತರಿಯನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿ, ಬೆರಳು ಚುಚ್ಚಿ, ಹನಿ ರಕ್ತ ಹಚ್ಚಿ ಕಾದರು. ನೂರಾ ಅರವತ್ತು ಬಂತು, ಸಕ್ಕರೆ ಇಳಿದೇ ಇರಲಿಲ್ಲ.

ಇಬ್ಬರೂ ಆ ಅಂಕಿಯನ್ನೇ ನೋಡುತ್ತ ನಿಂತೆವು. ಖಾಲಾ ತಲೆ ಎತ್ತದೆ ಕಾಜಾ ಹಾಕುತ್ತಿದ್ದರು, ಹೆಗಲು ಮಾತ್ರ ಕುಣಿಯುತ್ತಿತ್ತು.

“ಹಂಗಾದ್ರ ಇದು ಖರೇನ ಸಿಟ್ಟು” ಅಂದರು ಅತ್ತೆ.

“ಹೌದ್ರಿ” ಅಂದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಅವರು ಡಬ್ಬಿಯ ಮುಚ್ಚಳ ಹಾಕಿ ಸ್ಟೂಲಿನ ಮೇಲೆ ಕೂತರು. “ಸಿಟ್ಟ ಬಂದ್ರ ಅನ್ನು. ಒಳಗ ಇಟ್ಕೋಬ್ಯಾಡ. ಆದ್ರ ಅಂದಾಗೊಮ್ಮೆ ನಾ ಚುಚ್ಚಿ ನೋಡಾಕಿನ” ಅಂದರು. ಬೆರಳು ಚುಚ್ಚಿಸಿಕೊಳ್ಳುವ ಭಯಕ್ಕೆ ಅತ್ತೆಯೊಡನೆ ಜಗಳ ಬಿಟ್ಟ ಸೊಸೆ ನಮ್ಮ ಸುತ್ತಿನ ಮೂರು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಆದರೆ ಈ ಉಪಾಯದಲ್ಲಿ ಒಂದು ತೂತು ಇತ್ತು. ಮಾತಾಡಿದರೆ ತಾನೇ ‘ರಿ’ ಬೀಳುವುದು. ಮುಂಜಾನೆ ಅತ್ತೆ ಪೂಜೆಗೆ ಕೂತರೆ ಮುಕ್ಕಾಲು ತಾಸು ಮನೆಯಲ್ಲಿ ಮಾತಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕಣ್ಣು ಅದರ ಮೇಲೆ ನೆಟ್ಟು ಕೂರುತ್ತಾರೆ. ಆ ಹೊತ್ತಿನಲ್ಲಿ ಮಗ ಊರಿಂದ ಬಂದರೂ ಅವರು ತಿರುಗಿ ನೋಡಿದ್ದಿಲ್ಲ. ಮಾವ ತೀರಿಕೊಂಡ ಮರುದಿನವೂ ಪೂಜೆಯ ನಡುವೆ ಎದ್ದವರಲ್ಲ ಅಂತ ಓಣಿಯವರು ಹೇಳುತ್ತಾರೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ.

ಸಕ್ಕರೆ ಒಮ್ಮೆಯೂ ಇಳಿಯದೆ ಐದು ವಾರ ತುಂಬುವುದಕ್ಕೆ ಎರಡು ದಿನವಿತ್ತು. ಆ ದಿನ ಸೂಜಿ ಹಾಕಿಕೊಂಡ ಮೇಲೆ ಗ್ಯಾಸ್ ಮುಗಿಯಿತು. ಸಿಲಿಂಡರ್ ಬದಲಿಸಿ, ಹಿಟ್ಟು ನಾದಿ, ಹಂಚು ಕಾಯಿಸುವಷ್ಟರಲ್ಲಿ ತಿನ್ನುವ ಹೊತ್ತು ಮೀರಿತ್ತು. ಮುಂದಿನದು ನನಗೆ ಗೊತ್ತಿಲ್ಲ, ಅತ್ತೆ ಹೇಳಿದ್ದು. ಪಟಪಟ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತಂತೆ. ನಿಂತಿತಂತೆ. ರೊಟ್ಟಿಯನ್ನು ಹಂಚಿಗೆ ಹಾಕಿರಬೇಕು ಅಂದುಕೊಂಡರಂತೆ. ಮತ್ತೆ ಶುರುವಾಗಬೇಕಿತ್ತು, ಆಗಲಿಲ್ಲ. ಸುಟ್ಟ ವಾಸನೆ ಬಂತು. ಕಣ್ಣು ಲಿಂಗದ ಮೇಲೆ ಇತ್ತು, ಕಿವಿ ಅಡುಗೆಮನೆಯಲ್ಲಿತ್ತು ಅಂತ ಅವರೇ ಹೇಳುತ್ತಾರೆ.

ನನಗೆ ನೆನಪಿರುವುದು ವಿಭೂತಿಯ ವಾಸನೆ, ಬಾಯಲ್ಲಿ ಸಿಹಿ. ಗೋಡೆಗೆ ಒರಗಿ ಕೂತಿದ್ದೆನಂತೆ, ಕಣ್ಣು ತೆರೆದೇ ಇತ್ತಂತೆ, ಕರೆದರೆ ನೋಡುತ್ತಿದ್ದೆನಂತೆ, ಉತ್ತರವಿಲ್ಲ. ಒಲೆ ಆರಿಸಿ, ಸಕ್ಕರೆ ನೀರು ನುಂಗುತ್ತೇನೋ ಇಲ್ಲವೋ ಅಂತ ಮೊದಲು ಒಂದೇ ಚಮಚೆ ಹಾಕಿ ಗಂಟಲು ನೋಡಿದರಂತೆ. ನುಂಗಿದೆ. ಆಮೇಲೆ ಚಮಚೆ ಚಮಚೆಯಾಗಿ ಲೋಟವೆಲ್ಲ ಕುಡಿಸಿದರು. ಲೋಕ ತನ್ನ ಜಾಗಕ್ಕೆ ಬಂದಾಗ ನಾನು ಮೊದಲು ಕಂಡದ್ದು ಅವರ ಎಡಗೈ. ಅಂಗೈ ಮೇಲಾಗಿ, ಎದೆಯ ಮಟ್ಟಕ್ಕೆ, ಒಂದಿಷ್ಟೂ ಅಲುಗದೆ ಇತ್ತು. ಅದರಲ್ಲಿ ಲಿಂಗವಿತ್ತು. ಬಲಗೈ ನನ್ನ ಗದ್ದ ಹಿಡಿದಿತ್ತು.

“ಪೂಜಿ ಬಿಟ್ಟು ಎದ್ರೇನ್ರಿ” ಅಂದೆ.

ಆ ‘ರಿ’ ಕಿವಿಗೆ ಬಿದ್ದ ಮೇಲೆ ಅವರು ಉಸಿರು ಬಿಟ್ಟರು. “ಎಲ್ಲಿ ಬಿಟ್ಟೇನಿ, ಕೈಯಾಗೇ ಅದ ನೋಡು” ಅಂದರು. ಮತ್ತೆ ಹೋಗಿ ಕೂತು, ಪೂಜೆ ಮುಗಿಸಿದರು. ನಾನು ಅಲ್ಲೇ ನೆಲದ ಮೇಲೆ ಕೂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಈ ಮುದುಕಿಯ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಅನ್ನುವುದನ್ನು ಹೇಳಲು ಯಾವ ಮಾತೂ ಸಾಲದು ಅನ್ನಿಸಿತು.

ವಾರಗಳ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ನಮ್ಮ ಮನೆಯವರು ಫೋನಿನಲ್ಲಿ ಮತ್ತೆ ಅಂಗಡಿಯ ಮಾತು ತೆಗೆದರು. ಈ ಸಲ ನನಗೇ ಧೈರ್ಯ ಉಡುಗಿತ್ತು. ಇನ್ನೊಮ್ಮೆ ನೋಡ್ತೇನ್ರಿ, ಆಗದಿದ್ದರೆ ಮುಚ್ಚಿಬಿಡ್ತೇನಿ, ಅಂದೆ. ಸೂಜಿಗಿಂತ ಮೊದಲು ರೊಟ್ಟಿ ಬುಟ್ಟಿ ಕಣ್ಣ ಮುಂದಿರಬೇಕು ಅಂತ ಅತ್ತೆ ಕಾನೂನು ಮಾಡಿದರು. ಪೂಜೆಯನ್ನು ನಸುಕಿಗೆ, ನಾನು ಏಳುವ ಮೊದಲೇ ಮುಗಿಸಿಕೊಳ್ಳತೊಡಗಿದರು. ನಲವತ್ತು ವರ್ಷದ ವೇಳೆ ಅದು. ಯಾಕೆ ಬದಲಿಸಿದಿರಿ ಅಂತ ಕೇಳಿದರೆ, ನಿದ್ದಿ ಬರವಲ್ದು ಅನ್ನುತ್ತಿದ್ದರು.

ಎರಡನೆಯ ಸುತ್ತಿನ ಏಳನೆಯ ವಾರ, ಒಂದು ಮಧ್ಯಾಹ್ನ, ಹಸಿರು ಖಣದ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಿದ್ದೆ. ಗೆರೆ ನೆಟ್ಟಗೆ ಬರಲೊಲ್ಲದು. ಅಳಿಸಿ ಮತ್ತೆ ಹಾಕಿದೆ, ಮತ್ತೆ ಸೊಟ್ಟ. ಸೀಮೆಸುಣ್ಣ ಮುರಿದಿದೆಯೇನೋ ಅಂತ ನೋಡಿದೆ, ಸರಿಯಾಗಿಯೇ ಇತ್ತು. ಮೇಲ್ದುಟಿ ಒದ್ದೆಯಾಗಿತ್ತು. ಸೆಕೆ ಅಂದುಕೊಂಡರೆ ಫ್ಯಾನು ತಿರುಗುತ್ತಿದೆ. ಹೊಟ್ಟೆಯಲ್ಲಿ ಅದೇ ಹಳೆಯ ಹಸಿವು, ಗೋಡೆ ತಿನ್ನುವಂಥದ್ದು. ಆಗ ತಿಳಿಯಿತು.

“ಅತ್ತಿಯವ್ರ, ನನ್ನ ಕೈ ನೋಡ್ರಿ” ಅಂದೆ.

ಅವರು ನೋಡಿದರು. ಮದುವೆಯಾದಾಗಿನಿಂದ ಅವರಿಂದ ಬಚ್ಚಿಟ್ಟದ್ದನ್ನು ನಾನೇ ಮೇಜಿನ ಮೇಲೆ ಚಾಚಿದ್ದೆ. ಬೆರಳುಗಳು ತಮ್ಮಷ್ಟಕ್ಕೆ ತಾವೇ ತಟತಟ ನಡುಗುತ್ತಿದ್ದವು. ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, “ಬಂತೇನು” ಅಂದರು. “ಹಿಂಗಿರ್ತಿತ್ತೇನು ಇದು” ಅಂದರು. ಹೊಸದಾಗಿ ಹುಟ್ಟಿದ್ದನ್ನು ನೋಡುವ ಹಾಗೆ ನೋಡುತ್ತಲೇ ಇದ್ದರು. ಖಾಲಾನೇ ಕೊನೆಗೆ, “ಅಕ್ಕಾ, ಮೊದ್ಲ ಸಕ್ಕರಿ ಕೊಡ್ರಿ, ಆಮ್ಯಾಲ ಆರಾಮ ನೋಡ್ರಿ” ಅನ್ನಬೇಕಾಯಿತು. ಬೆರಳು ಚುಚ್ಚಿದರೆ ಅರವತ್ತಾರು. ಸಕ್ಕರೆ ತಿನ್ನುತ್ತ ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು. ಎಷ್ಟು ಬೈದಿದ್ದೆ ಅದಕ್ಕೆ.

ರಾತ್ರಿ ಫೋನಿನಲ್ಲಿ ನಮ್ಮ ಮನೆಯವರು, ಇನ್ನು ಅವ್ವನಿಗೆ ಅಂಗಡಿಯ ತ್ರಾಸು ತಪ್ಪಿತು ಅಂದರು. ಹೌದ್ರಿ ಅಂದೆ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಕೀಲಿ ಹಿಡಿದು ಹೊರಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಒಗೆದ ಇಳಕಲ್ ಸೀರೆ ಉಟ್ಟಿದ್ದರು, ತಲೆ ಬಾಚಿ ಸೆರಗು ಹೊದ್ದಿದ್ದರು. ಆದರೆ ಎಲ್ಲಿಗೂ ಹೊರಟವರಲ್ಲ ಅನ್ನುವಂತೆ ಮೊರದಲ್ಲಿ ತೊಗರಿ ಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದರು. ಆ ಬೇಳೆ ನಿನ್ನೆಯೇ ಹಸನಾಗಿತ್ತು.

“ಬರೂದಿಲ್ಲೇನ್ರಿ?” ಅಂದೆ.

“ನಡುಕ ಬಂತಲ್ಲ. ಇನ್ನ ಅಲ್ಲಿ ನಂದೇನ್ ಕೆಲಸ ಅದ” ಅಂದರು, ಬೇಳೆಯಿಂದ ಕಣ್ಣೆತ್ತದೆ.

ನನ್ನ ಮುಂದೆ ಆ ಹತ್ತು ನಿಮಿಷದ ದಾರಿ ಇತ್ತು. ಮೂರು ತಿಂಗಳು ಹಲ್ಲು ಕಚ್ಚಿಕೊಂಡು ಕಾದಿದ್ದು ಅದಕ್ಕಾಗಿಯೇ. ಒಬ್ಬಳೇ ಹೋಗಬಹುದಿತ್ತು. ಎರಡು ಹೆಜ್ಜೆ ಇಟ್ಟೆ ಕೂಡ.

“ನಡುಕ ಬಂದದ ಖರೆ ಅತ್ತಿಯವ್ರ” ಅಂದೆ ತಿರುಗಿ ನಿಂತು. “ಆದ್ರ ನಡುಕಕ್ಕ ಮಾತಾಡಾಕ ಬರಂಗಿಲ್ರಿ.”

ಅವರು ಮೊರ ಒಳಗೆ ಇಟ್ಟು ಬಂದರು. ಬಾಗಿಲು ಹಾಕಿ, ಕೀಲಿಯನ್ನು ಎರಡು ಸಲ ಜಗ್ಗಿ ನೋಡಿ, “ಹೊತ್ತಾತು, ನಡಿ” ಅನ್ನುತ್ತ ನನ್ನ ಮುಂದೆಯೇ ನಡೆದರು.